ಹೊಸ ಮಡಿಯ ಬುತ್ತಿ

ಆ ಚಳಿಗಾಲದಲ್ಲಿ ನನಗೆ ಬೀಳುತ್ತಿದ್ದ ಕನಸುಗಳಲ್ಲೆಲ್ಲ ಹಿಟ್ಟು ಹಾರುತ್ತಿತ್ತು. ಗೋಧಿ ಹಿಟ್ಟು. ಕೂಕಟಪಲ್ಲಿಯ ನಮ್ಮ ಮನೆಯ ಕಿಟಕಿಯಿಂದ ಅದು ಬೆಳಗಿನ ಮಂಜಿನ ಹಾಗೆ ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಸೋಫಾದ ಮೇಲೆ, ಫ್ರಿಜ್ಜಿನ ಮೇಲೆ, ಮಲಗಿದ್ದ ನನ್ನ ಹೆಂಡತಿಯ ರೆಪ್ಪೆಗಳ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ನಾನು ಒದ್ದೆ ಬಟ್ಟೆ ಹಿಡಿದು ಒರೆಸುತ್ತ ಮುಂದೆ ಹೋದಂತೆಲ್ಲ ಹಿಂದೆ ಮತ್ತೆ ಇಳಿಯುತ್ತಿತ್ತು. ಕನಸಿನಲ್ಲಿ ಅದು ಚೆಂದವಾಗಿಯೇ ಕಾಣುತ್ತಿತ್ತು. ಎಚ್ಚರವಾದ ಮೇಲೆ ಎದ್ದು ಹೋಗಿ ಅಡುಗೆಕಟ್ಟೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದೆನಲ್ಲ, ಅದು ಮಾತ್ರ ಚೆಂದವಿರಲಿಲ್ಲ.

ನನ್ನ ಹೆಂಡತಿಗೆ ಗೋಧಿ ಆಗುವುದಿಲ್ಲ. ಕೆಲವರು ಬದನೆಕಾಯಿ ಆಗುವುದಿಲ್ಲವೆಂದು ಮುಖ ಸಿಂಡರಿಸುತ್ತಾರಲ್ಲ, ಹಾಗಲ್ಲ. ಗೋಧಿಯೊಳಗಿನ ಗ್ಲುಟೆನ್ ಎಂಬ ಅಂಟು ಅವಳ ಕರುಳನ್ನು ಒಳಗಿನಿಂದ ಸವೆಸುತ್ತದೆ. ಎಷ್ಟೋ ವರ್ಷ ಅದನ್ನು ಗ್ಯಾಸ್ ಎಂದೆವು, ಟೆನ್ಷನ್ ಎಂದೆವು, ಅವಳ ಮಾದಾಪುರದ ಆಫೀಸಿನ ಕ್ಯಾಂಟೀನಿನ ಎಣ್ಣೆ ಎಂದೆವು, ಕೊನೆಗೆ ವಯಸ್ಸು ಎಂದೆವು. ಆ ವರ್ಷದ ಮಳೆಗಾಲದಲ್ಲಿ ವೈದ್ಯರೊಬ್ಬರು ಕಾಯಿಲೆಗೆ ಅದರ ನಿಜವಾದ ಹೆಸರು ಕೊಟ್ಟು, ಇನ್ನು ಚಪಾತಿಯ ಒಂದು ಚೂರೂ ಹೊಟ್ಟೆಗೆ ಹೋಗಬಾರದು ಎಂದರು. ಚೂರು ಎಂದರೆ ಎಷ್ಟು ಎಂದು ನಾನು ಕೇಳಿದೆ. ಅವರು ಕೈಯಲ್ಲಿದ್ದ ಪೆನ್ನಿನ ತುದಿ ತೋರಿಸಿದರು. ನಾನು ಕೇಳಬಾರದಿತ್ತು. ಕೆಲವು ಮನುಷ್ಯರಿಗೆ ಅಳತೆ ಕೊಡಬಾರದು.

ಅದಕ್ಕೆ ಸರಿಯಾಗಿ ನನ್ನ ನೌಕರಿಯೂ ಅಂಥದ್ದೇ. ಜೀಡಿಮೆಟ್ಲಾದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೇನೆ. ಒಂದು ಮಾತ್ರೆ ಮಾಡಿ ಮುಗಿಸಿದ ಯಂತ್ರದಲ್ಲಿ ಇನ್ನೊಂದನ್ನು ಮಾಡುವ ಮೊದಲು, ಹಳೆಯದರ ಒಂದು ಕಣವೂ ಉಳಿದಿಲ್ಲವೆಂದು ಟಾರ್ಚ್ ಬಿಟ್ಟು, ಮೂಲೆಮೂಲೆ ಒರೆಸಿ ನೋಡಿ, ಹಸಿರು ಚೀಟಿ ಅಂಟಿಸುವವನು ನಾನು. ಹಸಿರು ಎಂದರೆ ಮುಂದುವರಿಯಬಹುದು. ಹಳದಿ ಎಂದರೆ ಅನುಮಾನ. ಕೆಂಪು ಎಂದರೆ ಎಲ್ಲ ಎಸೆಯಿರಿ. ಇಷ್ಟು ವರ್ಷ ನನ್ನ ಚಿಂತೆಯ ಸ್ವಭಾವಕ್ಕೆ ಸಂಬಳ ಕೊಟ್ಟವರು ಕಾರ್ಖಾನೆಯವರು ಮಾತ್ರ. ಮನೆಯಲ್ಲಿ ಅದನ್ನು ಪುಕ್ಕಟೆಯಾಗಿ ಸಹಿಸುತ್ತ ಬಂದಿದ್ದರು. ಈಗ ಮನೆಯೂ ಕಾರ್ಖಾನೆಯಾಯಿತು. ಹೊಸ ತವೆ, ಹೊಸ ಲಟ್ಟಣಿಗೆ, ಹೊಸ ಜರಡಿ ಬಂದವು. ಒಂದು ಕಟ್ಟೆ ಅವಳದ್ದು, ಒಂದು ಕಟ್ಟೆ ಉಳಿದವರದ್ದು. ಹೊರಗೆ ಬ್ರೆಡ್ಡು ಬಿಸ್ಕೀಟು ಮುಟ್ಟಿ ಬಂದವರು ಕೈ ತೊಳೆಯದೆ ಅವಳ ಕಟ್ಟೆಯ ಹತ್ತಿರ ಸುಳಿಯಬಾರದು. ಡಬ್ಬಿಗಳ ಮೇಲೆಲ್ಲ ಹಸಿರು, ಹಳದಿ, ಕೆಂಪು ಚೀಟಿ ಬಿದ್ದವು.

ಉಳಿದವರು ಎಂದರೆ ನಾನು ಮತ್ತು ನಮ್ಮ ಅವ್ವ. ನಮ್ಮದು ವಿಜಯಪುರದ ಕಡೆಯಿಂದ ಅಜ್ಜನ ಕಾಲದಲ್ಲಿ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದ ಮನೆತನ. ಅವ್ವ ಹೊಸ ಸೊಸೆಯಾಗಿ ಬಂದಾಗ ಕಾಚಿಗುಡದ ಹಳೇ ಮನೆಯಲ್ಲಿ ಕಟ್ಟುನಿಟ್ಟಿನ ಮಡಿ ಇತ್ತು. ಸೂರಿಗೆ ತೂಗಿದ್ದ ಉದ್ದ ಗಳದ ಮೇಲೆ ಮಡಿ ಸೀರೆಗಳು ಒಣಗುತ್ತಿದ್ದವು. ನಸುಕಿನ ಬೆಳಕಿನಲ್ಲಿ ಅವು ನೆಲ ಮುಟ್ಟದೆ ನಿಂತ ಹೆಂಗಸರಂತೆ ಕಾಣುತ್ತಿದ್ದದ್ದು ನನಗೆ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಅವ್ವ ಕೋಲಿನಿಂದ ಅವನ್ನು ಇಳಿಸಿಕೊಳ್ಳುತ್ತಿದ್ದಳು. ನಾನು ಓಡಾಡುತ್ತ ಅವಳ ಸೆರಗಿಗೆ ತಾಗಿದರೆ ಸಾಕು, ಮತ್ತೆ ಬಾವಿಗೆ, ಮತ್ತೆ ತಣ್ಣೀರು. ಕಾಲೇಜಿಗೆ ಹೋಗಿ ನಾಲ್ಕು ಅಕ್ಷರ ಕಲಿತ ಮೇಲೆ ಅದನ್ನೆಲ್ಲ ಮೂಢನಂಬಿಕೆ ಎಂದು ಊಟದ ಮಣೆಯ ಮೇಲೆ ಕುಳಿತೇ ಭಾಷಣ ಮಾಡಿದ್ದೆ. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಗಳವೂ ಹೋಯಿತು, ಬಾವಿಯೂ ಹೋಯಿತು. ಅವ್ವ ಮಡಿಯನ್ನು ಕುಗ್ಗಿಸಿಕೊಂಡು ದೇವರ ಪಕ್ಕದ ಒಂದು ಗೂಡಿಗೆ ಇಳಿಸಿದಳು. ದಿನವೂ ನೈವೇದ್ಯವಾಗಿ ಆಮೇಲೆ ನಮ್ಮ ತಟ್ಟೆಗೆ ಬರುವ ಅಡುಗೆಯ ಸಾಮಾನುಗಳು ಅಲ್ಲಿರುತ್ತಿದ್ದವು: ಸೈಂಧವ ಉಪ್ಪು, ಜೀರಿಗೆ, ಬೆಲ್ಲ, ತುಪ್ಪ, ಇಂಗು. ಸ್ನಾನವಿಲ್ಲದೆ ಆ ಗೂಡನ್ನು ಯಾರೂ ಮುಟ್ಟುವಂತಿರಲಿಲ್ಲ. ನಾನು ಸ್ನಾನ ಮಾಡಿಯೂ ಮುಟ್ಟುತ್ತಿರಲಿಲ್ಲ.

ನಾನು ಚೀಟಿ ಅಂಟಿಸುತ್ತಿದ್ದ ಮೊದಲ ದಿನ ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಬಹಳ ಹೊತ್ತು ನೋಡಿದಳು. ತನ್ನ ಗೋಧಿ ಡಬ್ಬಿಗೆ ಕೆಂಪು ಬಿದ್ದಾಗ ಮುಖ ಸಣ್ಣದಾಯಿತು. ಅವಳ ಲೆಕ್ಕದಲ್ಲಿ ಒಪ್ಪತ್ತಿನ ರಾತ್ರಿಗಳಲ್ಲಿ ಅನ್ನ ಮುಸುರೆ, ಅಂದರೆ ಮೈಲಿಗೆ; ಗೋಧಿಯ ಉಪ್ಪಿಟ್ಟು ಶುದ್ಧ. ಇಡೀ ಜನ್ಮ ಶುದ್ಧವಾಗಿದ್ದದ್ದನ್ನು ಮಗ ಮೂಲೆಗೆ ತಳ್ಳಿ, ಮುಸುರೆಯನ್ನು ಮೇಲಿನ ಹಲಗೆಗೆ ಏರಿಸುತ್ತಿದ್ದ. ಆ ಚಮಚ ಇದಕ್ಕೆ ತಾಗಿದರೆ ಇದೂ ಕೆಟ್ಟಿತು, ಇದು ತಾಗಿದ ಕೈ ಅದಕ್ಕೆ ತಾಗಿದರೆ ಅದೂ ಕೆಟ್ಟಿತು ಎಂದು ನಾನು ವಿವರಿಸುತ್ತಿದ್ದೆ. ಅವ್ವ ಸೆರಗು ಸಿಕ್ಕಿಸಿಕೊಂಡಳು.

"ಇದಕ್ಕ ಮಡಿ ಅಂತಾರ," ಎಂದಳು. "ನಾವು ಮಾಡಿದ್ರ ಮೂಢನಂಬಿಕಿ, ನೀ ಮಾಡಿದ್ರ ಸೈನ್ಸು. ಸರಿ ಅಲ್ಲಿಂದ, ನಿನಗ ಬರಂಗಿಲ್ಲ ಇದು."

ಅಂದಿನಿಂದ ಅಡುಗೆಮನೆಯ ಆಡಳಿತ ಅವ್ವನ ಕೈಗೆ ಹೋಯಿತು. ಎಪ್ಪತ್ತು ದಾಟಿದ ಮೇಲೆ ಅವಳಿಗೆ ಕಳೆದುಹೋದ ಪಟ್ಟ ಮರಳಿ ಸಿಕ್ಕಂತಾಗಿತ್ತು. ಗಂಟೆಗೊಮ್ಮೆ ಕೈ ತೊಳೆಯುವಳು, ನನ್ನನ್ನು ದೂರ ನಿಲ್ಲಿಸಿ ಮಾತಾಡಿಸುವಳು, ಹೊಸ್ತಿಲಾಚೆಯಿಂದಲೇ ತಟ್ಟೆ ಸರಿಸುವಳು. ದೇವರ ಗೂಡಿಗೆ ಏನು ಬಣ್ಣ ಎಂದು ಅವಳೇ ಕೇಳಿದಳು. ಕೇಳುವುದೇನು ಬಂತು, ಅದು ಮೊದಲಿನಿಂದಲೂ ಶುದ್ಧವೇ ತಾನೇ ಎಂದು ಹೊರಗಿನಿಂದಲೇ ಒಂದು ಹಸಿರು ಚೀಟಿ ಅಂಟಿಸಿದೆ. ಅವ್ವ ಸಂತೋಷದಿಂದ ಅದಕ್ಕೆ ಕುಂಕುಮ ಹಚ್ಚಿದಳು.

ಇಷ್ಟಾದರೂ ಹೆಂಡತಿ ಪೂರ್ತಿ ಹುಷಾರಾಗಲಿಲ್ಲ. ಮೊದಲಿಗಿಂತ ವಾಸಿ ಎನ್ನುವ ಹೊತ್ತಿಗೆ ಮತ್ತೆ ಹೊಟ್ಟೆ ಉಬ್ಬರ, ಮತ್ತೆ ಸುಸ್ತು, ಮೆಟ್ರೋದಿಂದ ಇಳಿದು ಮನೆಗೆ ಬರುವಷ್ಟರಲ್ಲಿ ಬೂದಿ ಬಣ್ಣದ ಮುಖ. ಎಲ್ಲಿಂದಲೋ ಇನ್ನೂ ಸೇರುತ್ತಿರಬಹುದು, ಹುಡುಕಿ, ಎಂದರು ವೈದ್ಯರು. ನಾನು ಹುಡುಕಿದೆ. ಹಲ್ಲುಪುಡಿ, ಲಿಪ್‌ಸ್ಟಿಕ್, ಮಾತ್ರೆಗಳ ಹೊದಿಕೆ, ಲಕೋಟೆಯ ಅಂಟು, ಎಲ್ಲ ಓದಿದೆ. ಅವಳು ಮಾತ್ರ ಹುಡುಕುವುದನ್ನು ಬಿಡತೊಡಗಿದ್ದಳು. ಮದುವೆ ಮುಂಜಿವೆಗೆ ಹೋಗುವುದನ್ನು ಬಿಟ್ಟಳು, ಗೆಳತಿಯರ ಜೊತೆ ಹೊರಗೆ ಊಟಕ್ಕೆ ಹೋಗುವುದನ್ನು ಬಿಟ್ಟಳು. ರವಿವಾರಗಳಲ್ಲಿ ಬಾಲ್ಕನಿಯ ಕುರ್ಚಿಯಲ್ಲಿ ಕೆಳಗಿನ ರಸ್ತೆಯನ್ನು ನೋಡುತ್ತ ಕೂಡುವಳು. ಒಂದು ಸಂಜೆ, ಅಲ್ಲಿಂದ ತಿರುಗದೆಯೇ ಹೇಳಿದಳು.

"ಇಷ್ಟೆಲ್ಲಾ ಮಾಡಿದ್ರೂ ಆಗವಲ್ದು ಅಂದ್ರ, ಕೆಟ್ಟದ್ದು ಗೋಧಿ ಅಲ್ಲ. ನಾನ."

ನಾನು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಎಲ್ಲಿಗಾದರೂ ಹೋಗೋಣವೇ ಎಂದೆ. ಅವಳು ಸಮುದ್ರ ಎಂದಳು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ನಿದ್ದೆಗಣ್ಣಿನಲ್ಲಿ ಒಮ್ಮೆ ಕಾರವಾರದ ಕಡೆ ಸಮುದ್ರ ನೋಡಿದ್ದಳಂತೆ. ನೋಡಿದ್ದೋ, ಯಾರೋ ಹೇಳಿದ್ದನ್ನು ಕೇಳಿ ಕನಸು ಕಂಡದ್ದೋ ಅವಳಿಗೇ ಖಾತ್ರಿಯಿರಲಿಲ್ಲ. ನೀರಿಗಿಂತ ಹೆಚ್ಚಾಗಿ ಸದ್ದು ನೆನಪಿದೆ, ದೊಡ್ಡ ಪ್ರಾಣಿ ಕತ್ತಲಲ್ಲಿ ಉಸಿರಾಡಿದಂತೆ, ಎಂದಳು. ಕಾರಿನಲ್ಲಿ ಹೋದರೆ ಎರಡು ದಿನದ ದಾರಿ. ಹೋಗಬಹುದು, ಆದರೆ ಇದೇ ಕೊನೆಯ ಪರೀಕ್ಷೆ ಎಂದು ಅವಳ ಶರತ್ತು. ಹೊರಗಿನದು ಏನೂ ಮುಟ್ಟುವುದಿಲ್ಲ, ಮನೆಯ ಬುತ್ತಿ ಬಿಟ್ಟು. ಅದನ್ನು ತಿಂದೂ ದಾರಿಯಲ್ಲಿ ಬಿದ್ದರೆ, ಮುಂದೆ ಎಲ್ಲಿಗೂ ಬಾ ಅನ್ನಬಾರದು.

ಹೀಗೆ ಅವಳ ಉಳಿದ ತಿರುಗಾಟವೆಲ್ಲ ನಾಲ್ಕೈದು ಡಬ್ಬಿಗಳ ಮೇಲೆ ಬಂದು ನಿಂತಿತು. ಆ ಡಬ್ಬಿಗಳು ನನ್ನ ಮೇಲೆ ನಿಂತವು. ನನ್ನಂಥವನ ಮೇಲೆ ಯಾರೂ ಏನನ್ನೂ ನಿಲ್ಲಿಸಬಾರದು.

ಮೊದಲು ಜೋಳ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ಗಿರಣಿಯಲ್ಲಿ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬಿದ್ದಿರುತ್ತದೆ, ಕಲ್ಲಿನ ಸಂದಿಯಲ್ಲಿ ಉಳಿದಿರುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ನಾನು ಗಿರಣಿಯ ಮುಂದೆ ನಿಂತಿದ್ದೆ. ಮೊದಲು ಒಂದಿಷ್ಟು ಅಕ್ಕಿ ಬೀಸಿ ಕಲ್ಲು ತೊಳೆದಂತೆ ಮಾಡಿ, ಆ ಹಿಟ್ಟನ್ನು ಎಸೆದು, ಆಮೇಲೆ ಜೋಳ ಹಾಕಿ ಎಂದು ತೆಲುಗಿನಲ್ಲಿ ವಿನಂತಿಸಿಕೊಂಡೆ. ಟಾರ್ಚ್ ಬಿಟ್ಟು ಗಿರಣಿಯ ಬಾಯೊಳಗೆ ಇಣುಕಿದೆ. ಹಿಂದೆ ಪಾಳಿಯಲ್ಲಿದ್ದ ಹೆಂಗಸರು, ಈ ಸಾರ್ ಉಂಗುರ ಕಳೆದುಕೊಂಡಿದ್ದಾರೆ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಒಬ್ಬಾಕೆ ಅನುಕಂಪದಿಂದ, ಬಂಗಾರದ್ದೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಕರುಳಿನ ಕಥೆ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಆಮೇಲಿನ ಎರಡು ದಿನ ನೆನಪಿನಲ್ಲಿ ಉಳಿದಿರುವುದು ವಾಸನೆಗಳಾಗಿ. ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಮಧ್ಯಾಹ್ನದ ನಿದ್ದೆಯೊಳಗೂ ಕೇಳುತ್ತಿತ್ತು. ಬಡಿದ ರೊಟ್ಟಿಗಳನ್ನು ಕಡಕ್ ಆಗಲೆಂದು ಬಾಲ್ಕನಿಯ ಬಿಸಿಲಿಗೆ ಒರಗಿಸಿದ್ದೆವು. ಅವು ಸಾಲಾಗಿ, ಹಗಲಿನಲ್ಲಿ ದಾರಿ ತಪ್ಪಿದ ಚಂದ್ರಗಳಂತೆ ಕುಳಿತಿದ್ದವು. ಎಳ್ಳು ಹುರಿದೆವು, ಶೇಂಗಾ ಹುರಿದೆವು, ಬೆಲ್ಲದ ಪಾಕದಲ್ಲಿ ರಾಜಗೀರ ಕಾಳಿನ ಉಂಡೆ ಕಟ್ಟಿದೆವು. ಚುರುಮುರಿಯ ಚೂಡಾ ಮತ್ತು ಶೇಂಗಾ ಚಟ್ನಿಪುಡಿ ನನ್ನ ಪಾಲಿಗೆ ಬಂದವು. ಹೆಂಡತಿಗೆ ಇವೆರಡೂ ಪ್ರಾಣ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲ, ಅಜ್ಜನ ಕಾಲದಿಂದಲೂ ಇಲ್ಲ. ಆ ಘಮದ ಜಾಗವನ್ನು ಇಂಗು ತುಂಬಬೇಕು. ಒಗ್ಗರಣೆಗೆ ಧಾರಾಳವಾಗಿ ಹಾಕು, ದಾರಿಯಲ್ಲಿ ಹೊಟ್ಟೆಗೂ ಒಳ್ಳೆಯದು ಎಂದು ಅವ್ವ ಗೂಡಿನಿಂದ ಡಬ್ಬಿ ತೆಗೆದುಕೊಟ್ಟಳು. ನಾನು ಧಾರಾಳವಾಗಿಯೇ ಹಾಕಿದೆ. ಎಣ್ಣೆ ನೊರೆಯೆದ್ದು, ಮನೆಯೆಲ್ಲ ಕಾಚಿಗುಡದ ಹಬ್ಬದ ದಿನದಂತೆ ಘಮಘಮಿಸಿತು. ಒಂದೊಂದೇ ಡಬ್ಬಿ ಮುಚ್ಚಿ ಹಸಿರು ಚೀಟಿ ಅಂಟಿಸಿದೆ. ಹೆಂಡತಿ ನಗುತ್ತ ನೋಡುತ್ತಿದ್ದಳು. ಅವಳು ನಕ್ಕು ಬಹಳ ದಿನವಾಗಿತ್ತು, ಹಾಗಾಗಿ ಚೀಟಿಗಳನ್ನು ಇನ್ನೂ ನೆಟ್ಟಗೆ ಅಂಟಿಸಿದೆ.

ನನ್ನ ಅಕ್ಕ ಬಂದು ಅವ್ವನ ಜೊತೆ ಉಳಿದುಕೊಂಡಳು. ನಾವಿಬ್ಬರೂ ಸೂರ್ಯ ಹುಟ್ಟುವ ಮೊದಲು ಹೊರಟೆವು. ಹೊರವರ್ತುಲ ರಸ್ತೆಯ ಮೇಲಿನಿಂದ ನೋಡಿದರೆ ಗಚ್ಚಿಬೌಲಿಯ ಗಾಜಿನ ಕಟ್ಟಡಗಳು ಸೊಂಟದವರೆಗೆ ಮಂಜಿನಲ್ಲಿ ಮುಳುಗಿ, ಮೇಲಿನ ಮಹಡಿಗಳ ದೀಪಗಳು ಮಾತ್ರ ತೇಲುತ್ತಿದ್ದವು. ಇಷ್ಟು ವರ್ಷ ಟ್ರಾಫಿಕ್ಕಿನಲ್ಲಿ ನಿಂತು ಬೈದ ಊರು ಇದೇನಾ ಎನಿಸಿತು. ಹೆಂಡತಿ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು ಚೂಡಾದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಬಂಡೆಗಳ ಊರುಗಳು ಹಿಂದೆ ಸರಿದವು. ಮೆಹಬೂಬನಗರ ದಾಟಿ, ಮಖ್ತಲ್ ದಾಟಿ, ಕೃಷ್ಣೆಯ ಸೇತುವೆಯ ಮೇಲೆ ಕಾರು ನಿಧಾನ ಮಾಡಿದೆ. ನೀರು ಕಡಿಮೆಯಿತ್ತು. ಬಂಡೆಗಳ ನಡುವೆ ಅಲ್ಲಲ್ಲಿ ಆಕಾಶದ ತುಂಡುಗಳು ಬಿದ್ದಿದ್ದವು. ಅವಳು ರೊಟ್ಟಿಗೆ ಚಟ್ನಿಪುಡಿ, ಮೊಸರು ಕಲಸಿ ನನಗೊಂದು ತುತ್ತು, ತನಗೊಂದು ತುತ್ತು ಹಾಕಿಕೊಳ್ಳುತ್ತಿದ್ದಳು. ಹಸಿವಾಗ್ತದ, ಎಷ್ಟು ದಿನಾ ಆತು ಹಸಿವಾಗಿ, ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಪ್ರತಿ ಪೆಟ್ರೋಲ್ ಬಂಕು ಬಂದಾಗಲೂ ಅಲ್ಲಿ ಶೌಚಾಲಯ ಇದೆಯೇ ಎಂದು ಕಣ್ಣಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ. ಅದು ಅವಳಿಗೆ ಕಾಣದ ಹಾಗೆ, ಬಿಳಿಜೋಳದ ಹೊಲ ನೋಡುವವನಂತೆ ನೋಡುತ್ತಿದ್ದೆ.

ಹೊಲಗಳೂ ನೋಡುವಂತೆಯೇ ಇದ್ದವು. ರಾಯಚೂರು ದಾಟಿದ ಮೇಲೆ ನೆಲ ಕಪ್ಪಾಯಿತು. ಆ ಕಪ್ಪಿನ ಮೇಲೆ ತೆನೆಹೊತ್ತ ಜೋಳ ದಿಗಂತದವರೆಗೂ ನಿಂತಿತ್ತು. ಗಾಳಿ ಬೀಸಿದಾಗ ಹೊಲವೆಲ್ಲ ಒಂದೇ ಮಗ್ಗುಲಿಗೆ ವಾಲಿ ಮತ್ತೆ ಏಳುತ್ತಿತ್ತು. ಅವಳು ಗಾಜಿಗೆ ಹಣೆ ಒತ್ತಿ ಕುಳಿತಿದ್ದಳು. ಇಷ್ಟು ದೂರ, ಕಣ್ಣು ಹೋದಷ್ಟು ದೂರ, ಎಲ್ಲವೂ ಅವಳು ತಿನ್ನಬಹುದಾದದ್ದೇ. ಅದನ್ನು ಹೇಳಬೇಕೆಂದು ತಿರುಗಿದೆ. ಅವಳ ಮುಖ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು.

ಲಿಂಗಸುಗೂರಿಗೆ ಇನ್ನೂ ದೂರವಿತ್ತು. ನಾನು ಗುರುತು ಹಾಕಿಕೊಂಡಿದ್ದ ಬಂಕುಗಳೆಲ್ಲ ಹಿಂದೆ ಉಳಿದಿದ್ದವು. ಹಾಗೂ ಹೀಗೂ ಒಂದು ಬಂಕು ಸಿಕ್ಕಿತು, ಪಕ್ಕದಲ್ಲಿ ಒಂದು ಬೇವಿನ ಮರ, ಒಂದು ಸಣ್ಣ ಕಿರಾಣಿ ಅಂಗಡಿ. ಅವಳು ಹೋಗಿ ಬಂದಳು, ಮತ್ತೆ ಹೋದಳು, ಬಂದು ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತಳು. ಹೊಟ್ಟೆ ಗಟ್ಟಿಯಾಗಿ ಉಬ್ಬಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಯ ಮೇಲೆ ಇಲ್ಲದ ನೀರು ಹೊಳೆಯುತ್ತಿತ್ತು. ಲಾರಿಗಳು ಆ ನೀರಿನಿಂದ ಎದ್ದು ಬಂದು, ನಮ್ಮನ್ನು ದಾಟಿ, ಮತ್ತೆ ಅದರೊಳಗೆ ಇಳಿದು ಹೋಗುತ್ತಿದ್ದವು.

"ಗಾಡಿ ತಿರುಗಸ್ರಿ," ಎಂದಳು ಕೊನೆಗೆ. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಮನೀ ಬುತ್ತಿನೂ ಆಗ್ಲಿಲ್ಲ. ಇನ್ನ ಮುಂದ ನಾ ಎಲ್ಲೂ ಬರಂಗಿಲ್ಲ. ನೀವೂ ಕರೀಬ್ಯಾಡ್ರಿ."

ಆಗಲಿ ಎಂದೆ. ನಿಂಬೆಹಣ್ಣು, ಉಪ್ಪು, ಸಕ್ಕರೆ ತರುತ್ತೇನೆಂದು ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು ನಿಂಬೆಹಣ್ಣು ತರಲು ಒಳಗೆ ಹೋದಳು. ನನ್ನ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ. ಕಣ್ಣೆದುರು ತೂಗುಬಿಟ್ಟಿದ್ದ ಸಾಮಾನುಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದತೊಡಗಿದೆ. ಓದಿ ಆಗಬೇಕಾದ್ದು ಏನೂ ಇರಲಿಲ್ಲ. ಕೆಲವರು ಇಂಥ ಹೊತ್ತಿನಲ್ಲಿ ಜಪ ಮಾಡುತ್ತಾರೆ, ನಾನು ಲೇಬಲ್ ಓದುತ್ತೇನೆ. ಶಾಂಪೂ ಓದಿದೆ, ಬಟ್ಟೆ ಸೋಪು ಓದಿದೆ. ಆಮೇಲೆ ಒಂದು ಸಣ್ಣ ಹಳದಿ ಡಬ್ಬಿ ಕೈಗೆ ಬಂತು. ನಮ್ಮ ಮನೆಯ ಗೂಡಿನಲ್ಲಿರುವ ಇಂಗಿನ ಡಬ್ಬಿಯೇ, ಅದೇ ಬಣ್ಣ, ಅದೇ ಮುಚ್ಚಳ. ಹಳೆಯ ಪರಿಚಯದವರು ಪರ ಊರಿನಲ್ಲಿ ಸಿಕ್ಕಂತಾಗಿ ಅದನ್ನೂ ತಿರುಗಿಸಿದೆ. ಕನ್ನಡಕ ಹಣೆಗೇರಿಸಿ, ಬಿಸಿಲಿಗೆ ಹಿಡಿದು ಓದಿದೆ. ಗೋಂದು, ಗೋಧಿ ಹಿಟ್ಟು, ಇಂಗು.

ಮತ್ತೊಮ್ಮೆ ಓದಿದೆ. ಗೋಧಿ ಹಿಟ್ಟು ಅಲ್ಲೇ ಇತ್ತು, ಇಂಗಿಗಿಂತ ಮುಂದೆ, ಅಂದರೆ ಇಂಗಿಗಿಂತ ಹೆಚ್ಚು.

ಮನೆಯಲ್ಲಿ ಲಕೋಟೆಯ ಅಂಟನ್ನೂ ಬಿಡದೆ ಓದಿದ ನಾನು ಆ ಒಂದು ಗೂಡಿನ ಡಬ್ಬಿಗಳನ್ನು ತಿರುಗಿಸಿರಲಿಲ್ಲ. ತಿರುಗಿಸಬೇಕೆಂದು ಹೊಳೆದೂ ಇರಲಿಲ್ಲ. ಮೂಢನಂಬಿಕೆ ಎಂದು ಭಾಷಣ ಮಾಡಿದವನ ತಲೆಯೊಳಗೆ, ದೇವರ ಪಕ್ಕ ಇದ್ದದ್ದು ಶುದ್ಧ ಎಂಬುದು ಯಾರೂ ಕಲಿಸದೆ ಹಾಗೇ ಕುಳಿತಿತ್ತು. ಸಾರಿನಲ್ಲಿ, ಪಲ್ಯದಲ್ಲಿ, ಮಜ್ಜಿಗೆಯಲ್ಲಿ ಆ ಮಳೆಗಾಲದಿಂದ ಈ ಚಳಿಗಾಲದವರೆಗೆ ಚಿಟಿಕೆ ಚಿಟಿಕೆ. ಇವತ್ತು ಮಾತ್ರ ಧಾರಾಳ.

ಡಬ್ಬಿ ಹಿಡಿದು ಮರದ ಕೆಳಗೆ ಹೋದೆ. ಅದನ್ನು ಅವಳ ಕೈಗೆ ಕೊಟ್ಟು, ಬೆರಳಿನಿಂದ ಜಾಗ ತೋರಿಸಿದೆ. ಅವಳು ಓದಿದಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಜೋಳದ ಹೊಲದ ಕಡೆ ನೋಡುತ್ತ ಕುಳಿತಳು. ಗಾಳಿ ಬಂತು, ಹೊಲ ವಾಲಿತು, ಎದ್ದಿತು.

"ಅಂದ್ರ," ಎಂದಳು, "ನಾ ಕೆಟ್ಟಿಲ್ಲ."

ಇಲ್ಲ ಎಂದೆ.

"ಇಂಗು ಕೆಟ್ಟದ್ದು."

ಹೌದು ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಕ್ಕರೆ ನೋಯುತ್ತಿತ್ತು, ನೋಯ್ತದ ಅನ್ನುತ್ತಲೇ ನಗುತ್ತಿದ್ದಳು. ಕೊನೆಗೆ ಆ ಅಳುವೂ ಬಂತು. ನಾನು ಅಂಗಡಿಯಾಕೆ ತಂದುಕೊಟ್ಟ ನಿಂಬೆಯ ನೀರು ಹಿಡಿದು ಪಕ್ಕದಲ್ಲಿ ನಿಂತಿದ್ದೆ, ಲೋಟವನ್ನು ಯಾವುದರಿಂದ ತೊಳೆದಿದ್ದಾರೋ ಎಂದು ಯೋಚಿಸುತ್ತ.

ಅವ್ವನಿಗೆ ಫೋನ್ ಮಾಡಿದ್ದು ಅವಳೇ. ನಾನು ಮಾಡಿದ್ದರೆ ಸಂಧಾನವೋ ಯುದ್ಧವೋ ಆಗುತ್ತಿತ್ತು. ಅವಳು ಸ್ಪೀಕರ್ ಹಾಕಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಆ ಕಡೆ ಡಬ್ಬಿಗಳು ಸರಿದ ಸದ್ದು ಕೇಳಿತು. ಅವ್ವ ಗೂಡಿನ ಮುಂದೆ ಹೋಗಿ ನಿಂತಿದ್ದಾಳೆ ಎಂದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ತಾನೇ ಕುಂಕುಮ ಹಚ್ಚಿದ ಹಸಿರು ಚೀಟಿಯ ಮುಂದೆ. ಆಮೇಲೆ ಅವಳ ಧ್ವನಿ ಬಂತು.

"ಇಷ್ಟು ವರ್ಷ ಅದನ್ನ ದೇವರಿಗೆ ಇಟ್ಟೀನಲ್ಲವಾ. ಹೋಗ್ಲಿ, ದೇವರ ಹೊಟ್ಟಿ ಗಟ್ಟಿ ಅದ. ನಿಂದು ನೋಡ್ಕೋ." ಅದರ ಬೆನ್ನಿಗೇ, "ಈಗ ಎಲ್ಲಿದ್ದೀರಿ? ಅವ ತಿರುಗಿ ಹೋಗೂಣು ಅಂತಿರಬೇಕು."

ತಾನೇ ಹಾಗಂದೆ ಎಂದಳು ಹೆಂಡತಿ.

"ಯಾಕ? ಮಡಿ ಕೆಟ್ರ ಇನ್ನೊಂದು ಸ್ನಾನ ಮಾಡತಿದ್ವಿ. ಅಡಗಿ ಬಿಟ್ಟು ಏಳತಿದ್ದಿಲ್ಲ. ಹಲ್ಲ ತಿಕ್ಕೊಂಡು, ಬಾಯಿ ಮುಕ್ಕಳಿಸಿ ಹೋಗ್ರಿ ಮುಂದ."

ಅದು ನನ್ನ ನೌಕರಿಯಲ್ಲಿ ಇಲ್ಲದ ನಿಯಮ. ನಮ್ಮಲ್ಲಿ ಕೆಟ್ಟರೆ ಕೆಂಪು ಚೀಟಿ, ಎಲ್ಲ ಎಸೆದು ಬರೆದಿಡುವುದು. ಸ್ನಾನ ಮಾಡಿ ಮತ್ತೆ ಒಲೆಯ ಮುಂದೆ ಕೂಡುವುದು ಎಂಬ ದಾರಿಯೊಂದು ಇದೆಯೆಂದು, ಅಷ್ಟು ಸಲ ಅವ್ವನನ್ನು ಬಾವಿಗೆ ಕಳಿಸಿಯೂ ನನಗೆ ಗೊತ್ತಾಗಿರಲಿಲ್ಲ. ಹೆಂಡತಿ ಬಂಕಿನ ನಲ್ಲಿಯಲ್ಲಿ ಮುಖ ತೊಳೆದಳು, ಕೈಕಾಲು ತೊಳೆದಳು, ಬಾಯಿ ಮುಕ್ಕಳಿಸಿದಳು. ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ, ರೊಟ್ಟಿ ಅದಾವಲ್ಲ, ರಾಜಗೀರದ ಉಂಡಿ ಅದಾವಲ್ಲ, ಸಾಕು ನಡೀರಿ, ಎಂದಳು. ರೊಟ್ಟಿಯಲ್ಲಿ ಬರೀ ಜೋಳ, ನೀರು. ಉಂಡೆಯಲ್ಲಿ ಬೆಲ್ಲ. ಎರಡನ್ನೂ ತಲೆಯೊಳಗೆ ಮತ್ತೆ ಮತ್ತೆ ಬಿಚ್ಚಿ ಜೋಡಿಸಿ ನೋಡಿದೆ. ಏನೂ ಸಿಗಲಿಲ್ಲ.

ಚೂಡಾ, ಚಟ್ನಿಪುಡಿಗಳನ್ನು ಎಸೆಯಲು ಮನಸ್ಸಾಗದೆ ಅಂಗಡಿಯ ಹೆಂಗಸಿಗೆ ಕೊಟ್ಟೆವು. ಆಕೆ ಅಲ್ಲೇ ಮುಚ್ಚಳ ತೆಗೆದು, ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಪರೀಕ್ಷಕರ ಹಾಗೆ ಮರದ ಕಡೆ ನೋಡುತ್ತ ಅಗಿದಳು.

"ಉಪ್ಪು ಕಡಿಮಿ ಆಗೇತ್ರಿ," ಎಂದಳು. "ಖರೆ ಘಮಾ ಭಾಳ ಚಲೋ ಐತಿ. ಇಂಗು ಯಾವ್ದು ಹಾಕೀರಿ?"

ಅವಳದೇ ಅಂಗಡಿಯಲ್ಲಿ ತೂಗಾಡುತ್ತಿದ್ದ ಹಳದಿ ಸಾಲನ್ನು ತೋರಿಸಿದೆ. ನನ್ನ ಹೆಂಡತಿ ಕಾರಿನ ಬಾಗಿಲಿಗೆ ಮುಖ ತಿರುಗಿಸಿಕೊಂಡು ನಿಂತಳು. ಭುಜಗಳು ಅಲುಗಾಡುತ್ತಿದ್ದವು.

ಅಲ್ಲಿಂದ ಮುಂದಿನ ದಾರಿ ಪೂರ್ತಿ ನೆನಪಿಲ್ಲ. ಅವಳು ಸೀಟು ಹಿಂದಕ್ಕೆ ವಾಲಿಸಿ ಮಲಗಿದ್ದಳು. ಸಂಜೆಯ ಬೆಳಕು ಗಾಜಿನಿಂದ ಇಳಿದು ಅವಳ ಕೈಮೇಲೆ ಬಿದ್ದು, ಜಾರಿ, ಮತ್ತೆ ಬೀಳುತ್ತಿತ್ತು. ಹುಬ್ಬಳ್ಳಿಯಲ್ಲಿ ತಂಗಿದೆವು. ಹೊಟ್ಟೆ ಇನ್ನೂ ಗುಡುಗುಡು ಎನ್ನುತ್ತಿತ್ತು, ಆದರೆ ಇದು ಯಾರ ಸದ್ದು ಎಂದು ಗೊತ್ತಿದ್ದುದರಿಂದ ಅವಳಿಗೆ ಅದರ ಹೆದರಿಕೆ ಹೋಗಿತ್ತು. ಮರುದಿನ ಘಟ್ಟದ ತಿರುವುಗಳಲ್ಲಿ ಮಂಜು ಎದುರು ಬಂದು, ಕಾರನ್ನು ಒಮ್ಮೆ ನೆಕ್ಕಿ, ದಾರಿ ಬಿಟ್ಟುಕೊಟ್ಟಿತು. ಅಂಕೋಲಾದ ಹತ್ತಿರ ಗಾಳಿಯ ರುಚಿ ಬದಲಾಯಿತು. ಸಮುದ್ರ ಕಾಣುವ ಮೊದಲು ಅವಳು ಕಿಟಕಿ ಇಳಿಸಿ, ಎಂಜಿನ್ ಬಂದ್ ಮಾಡಿಸಿದಳು. ಕೇಳುತ್ತ ಕುಳಿತಳು. ಕಂಡದ್ದು ಖರೇನ ಇತ್ತು, ಎಂದಳು.

ದಂಡೆಯ ಹತ್ತಿರ ಒಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದೆವು. ಮನೆಯೊಡತಿ ಸಂಜೆಗೆ ಕುಚ್ಚಲಕ್ಕಿಯ ಗಂಜಿ, ಕಾಯಿಚಟ್ನಿ ಮಾಡಿಕೊಡುತ್ತೇನೆ ಎಂದರು. ಕೇಳಬೇಕೆಂದಿದ್ದ ಹತ್ತಾರು ಪ್ರಶ್ನೆಗಳನ್ನು ನಾನು ಹೆಂಡತಿಯ ಮುಖ ನೋಡಿ ನುಂಗಿಕೊಂಡು, ಒಂದೇ ಒಂದನ್ನು ಕೇಳಿದೆ. ಚಟ್ನಿಗೆ ಇಂಗು ಹಾಕುತ್ತೀರಾ? ಇಲ್ಲ, ನಮ್ಮದು ಬೆಳ್ಳುಳ್ಳಿ ಎಂದರು. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಹೊಸ್ತಿಲು ದಾಟದ ಬೆಳ್ಳುಳ್ಳಿ. ಆಗಬಹುದು ಎಂದಳು ಹೆಂಡತಿ, ನನಗಿಂತ ಮುಂಚೆ. ಎರಡು ಬಟ್ಟಲು ಉಂಡಳು. ಅವ್ವನಿಗೆ ಆ ಚಟ್ನಿಯ ವಿಷಯ ಇನ್ನೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಬೇಗ ಎದ್ದು ಹೊರಗಿನ ಜಗಲಿಯ ಮೇಲೆ ಕುಳಿತೆ. ದೋಣಿಗಳು ಹೋದವು, ಬಂದವು. ಬಿಸಿಲು ಮರಳಿನ ಮೇಲೆ ಬಂದು, ಜಗಲಿಯ ಮೆಟ್ಟಿಲು ಹತ್ತಿ, ನನ್ನ ಪಾದದವರೆಗೂ ಬಂತು. ಅವಳು ಏಳಲಿಲ್ಲ. ಮನೆಯಲ್ಲಿ ಎಷ್ಟೋ ತಿಂಗಳಿಂದ ಅವಳು ನಸುಕಿಗೇ ಹೊಟ್ಟೆ ಹಿಡಿದು ಏಳುತ್ತಿದ್ದಳು. ಇಷ್ಟು ಹೊತ್ತು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊದಲು ಖುಷಿಯಾಯಿತು. ಸ್ವಲ್ಪ ಹೊತ್ತಿಗೆ, ಇದು ನಿದ್ದೆಯೇ ಹೌದೋ ಎಂದು ಅನುಮಾನವಾಯಿತು. ಬೆಳ್ಳುಳ್ಳಿ ಅಭ್ಯಾಸವಿಲ್ಲದ ದೇಹ, ಹೊಸ ನೀರು, ಸಮುದ್ರದ ಗಾಳಿ. ತಡೆಯಲಾಗದೆ ಒಳಗೆ ಹೋಗಿ, ಮಂಚದ ಪಕ್ಕ ಬಗ್ಗಿ, ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಬೆಚ್ಚಗೆ, ಉದ್ದವಾಗಿ ಬಂತು, ಹೋಯಿತು.

"ಇದ್ದೀನಿ," ಎಂದಳು ಕಣ್ಣು ತೆರೆಯದೆ. "ಹೊರಗ ಹೋಗಿ ಕೂಡ್ರಿ."

ಹೋಗಿ ಕುಳಿತೆ.